ದೋಷ ನಾಯಿಯದೋ, ಒಡೆಯನದೋ?

ಸಾಕಿದ ನಾಯಿಯೊಂದು ಮನುಷ್ಯನನ್ನು ಕಚ್ಚಿ ಕೊಂದಿತೆಂಬ ಸುದ್ದಿ ಬಂದಾಗಲೆಲ್ಲ ಸಮಾಜದಲ್ಲಿ ಎರಡು ಕೂಗುಗಳು ಏಳುತ್ತವೆ. ಇಂತಹ ಕ್ರೂರ ತಳಿಯನ್ನು ಭೂಮಿಯ ಮೇಲೆ ಉಳಿಯಗೊಡಬಾರದು ಎಂಬುದು ಒಂದು ಕೂಗು. ನಾಯಿಯಲ್ಲಿ ಕೆಟ್ಟದ್ದೆಂಬುದೇ ಇಲ್ಲ, ಪ್ರೀತಿಯಿಂದ ಸಾಕಿದರೆ ಯಾವ ನಾಯಿಯೂ ಸಾಧುವಾಗುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಭಯದಿಂದ ಹುಟ್ಟಿದ್ದು. ಎರಡನೆಯದು ಮೋಹದಿಂದ ಹುಟ್ಟಿದ್ದು. ಪರಸ್ಪರ ವಿರುದ್ಧವಾಗಿ ತೋರುವ ಈ ಎರಡು ಮಾತುಗಳು ಒಂದು ವಿಷಯದಲ್ಲಿ ಒಂದೇ ಆಗಿವೆ. ನಾಯಿಯನ್ನು ಮನೆಗೆ ತಂದ ಮನುಷ್ಯನು ಏನು ಮಾಡಿದನು, ಏನು ಮಾಡದೆ ಹೋದನು ಎಂಬ ಪ್ರಶ್ನೆಯನ್ನು ಎರಡೂ ಕೇಳುವುದಿಲ್ಲ.

2022ರ ಜುಲೈ ತಿಂಗಳಲ್ಲಿ ಲಖನೌ ನಗರದಲ್ಲಿ ವೃದ್ಧ ಮಹಿಳೆಯೊಬ್ಬರು ತಮ್ಮ ಮನೆಯಲ್ಲೇ ಸಾಕಿದ್ದ ಪಿಟ್ ಬುಲ್ ನಾಯಿಯ ಕಡಿತದಿಂದ ಅಸುನೀಗಿದರು. ಅದೇ ವರ್ಷ ಗಾಜಿಯಾಬಾದ್ ನಗರಪಾಲಿಕೆ ಪಿಟ್ ಬುಲ್ ಸೇರಿದಂತೆ ಮೂರು ತಳಿಗಳನ್ನು ನಿಷೇಧಿಸಿತು. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರದ ಪಶುಸಂಗೋಪನಾ ಇಲಾಖೆ 23 ತಳಿಗಳ ಆಮದು, ಮಾರಾಟ ಮತ್ತು ಸಾಕಣೆಯನ್ನು ತಡೆಯಬೇಕೆಂದೂ, ಈಗಾಗಲೇ ಸಾಕುತ್ತಿರುವವುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದೂ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಪಿಟ್ ಬುಲ್ ಟೆರಿಯರ್ ಮತ್ತು ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರ್‌ಗಳು ಆ ಪಟ್ಟಿಯಲ್ಲಿದ್ದವು. ಬೆಂಗಳೂರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದೇ ವರ್ಷ ಏಪ್ರಿಲ್ 10ರಂದು ಆ ಸುತ್ತೋಲೆಯನ್ನು ರದ್ದುಪಡಿಸಿತು. ಸಂಬಂಧಪಟ್ಟವರ ಅಭಿಪ್ರಾಯವನ್ನು ಕೇಳದೆ ಹೊರಡಿಸಿದ ಆದೇಶವದು, ಎಲ್ಲರನ್ನೂ ಕೇಳಿ ಹೊಸದಾಗಿ ನಿರ್ಣಯಿಸಲು ಅಡ್ಡಿಯಿಲ್ಲ ಎಂಬುದು ತೀರ್ಪಿನ ಸಾರಾಂಶ. ನಾಯಿ ಕಚ್ಚಿದರೆ ಗಾಯಗೊಂಡವರ ಚಿಕಿತ್ಸೆಯ ಭಾರವನ್ನು ಒಡೆಯನೇ ಹೊರಬೇಕೆಂಬ ಮಾತನ್ನೂ ನ್ಯಾಯಾಲಯ ಸೇರಿಸಿತು. ನಾಯಿಪ್ರಿಯರು ತೀರ್ಪಿನ ಮೊದಲ ಭಾಗವನ್ನು ವಿಜಯೋತ್ಸವವಾಗಿ ಕೊಂಡಾಡಿದರು. ಎರಡನೆಯ ಭಾಗವನ್ನು ಮಾತ್ರ ಬಹುಮಂದಿ ಮರೆತರು. ಮರೆಯಬಾರದ ಭಾಗ ಅದೇ ಆಗಿದೆ.

ಈ ನಾಯಿ ಎಲ್ಲಿಂದ ಬಂದಿತೆಂಬುದನ್ನು ತಿಳಿದರೆ ದೋಷ ಯಾರದೆಂಬುದು ಅರ್ಧ ತಿಳಿದಂತೆಯೇ. ಇಂಗ್ಲೆಂಡಿನಲ್ಲಿ ಶತಮಾನಗಳ ಕಾಲ ಗೂಳಿಯನ್ನು ಗೂಟಕ್ಕೆ ಕಟ್ಟಿ ಅದರ ಮೇಲೆ ನಾಯಿಗಳನ್ನು ಬಿಡುವ ವಿನೋದ ನಡೆಯುತ್ತಿತ್ತು. ಹೀಗೆ ಹಿಂಸಿಸಿ ಕೊಂದ ಗೂಳಿಯ ಮಾಂಸ ಮೃದುವಾಗುತ್ತದೆಂಬ ನಂಬಿಕೆಯೂ ಅದಕ್ಕೆ ಬೆಂಬಲವಾಗಿತ್ತು. ಗೂಳಿಯ ಮೂತಿಯನ್ನು ಹಿಡಿದು, ಎಷ್ಟು ಬಡಿದರೂ ಬಿಡದೆ ತೂಗಾಡುವ ನಾಯಿಯೇ ಶ್ರೇಷ್ಠವೆನಿಸುತ್ತಿತ್ತು. 1835ರಲ್ಲಿ ಬ್ರಿಟಿಷ್ ಸಂಸತ್ತು ಪ್ರಾಣಿಹಿಂಸೆಯ ವಿರುದ್ಧ ಕಾಯ್ದೆ ಮಾಡಿ ಈ ಆಟವನ್ನು ನಿಲ್ಲಿಸಿತು. ಗೂಳಿಯ ಕಾಳಗಕ್ಕೆ ಬಯಲು ಬೇಕು, ಅದನ್ನು ಅಡಗಿಸಲಾಗದು. ನಾಯಿ ನಾಯಿಯ ಕಾಳಗಕ್ಕೆ ಒಂದು ನೆಲಮಾಳಿಗೆ ಸಾಕು. ಕಾನೂನಿನ ಕಣ್ಣಿಗೆ ಬೀಳದಂತೆ ಜೂಜು ನೆಲಮಾಳಿಗೆಗೆ ಇಳಿಯಿತು. ಗೂಳಿಕಾಳಗದ ಬುಲ್‌ಡಾಗ್‌ನ ಬಲಕ್ಕೆ ಟೆರಿಯರ್‌ನ ಚುರುಕು ಕೂಡಿಸಲಾಯಿತು. ನೆಲವೆಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು ಟೆರಿಯರ್. ಬಿಲದೊಳಗೆ ನುಗ್ಗಿ ನರಿ, ಇಲಿ ಮೊದಲಾದವನ್ನು ಹಿಡಿಯಲು ಬೆಳೆಸಿದ, ಸೋಲೊಪ್ಪದ ಸಣ್ಣ ನಾಯಿ ಅದು. ಈ ಬೆರಕೆಯಿಂದ ‘ಬುಲ್ ಟೆರಿಯರ್’ ವರ್ಗದ ನಾಯಿಗಳೆಲ್ಲ ಹುಟ್ಟಿದವು. ವಲಸೆಹೋದವರೊಂದಿಗೆ ಅವು ಅಮೆರಿಕಕ್ಕೂ ಹೋದವು. ಅಲ್ಲಿ 1898ರಲ್ಲಿ ಸ್ಥಾಪಿತವಾದ ಯುನೈಟೆಡ್ ಕೆನಲ್ ಕ್ಲಬ್ ಮೊತ್ತಮೊದಲು ನೋಂದಾಯಿಸಿದ ತಳಿ ಅಮೆರಿಕನ್ ಪಿಟ್ ಬುಲ್ ಟೆರಿಯರ್. ಇಂಗ್ಲೆಂಡಿನಲ್ಲಿ 1935ರಲ್ಲಿ ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್‌ಗೆ ಕೆನಲ್ ಕ್ಲಬ್ಬಿನ ಮನ್ನಣೆ ದೊರೆಯಿತು.

‘ಪಿಟ್’ ಎಂದರೆ ಕಾಳಗದ ಕುಣಿ. ಕುಣಿಯನ್ನು ತೋಡಿದವನು ಮನುಷ್ಯ. ಅದರ ಸುತ್ತ ಹಣ ಕಟ್ಟಿ ಕುಳಿತವನೂ ಮನುಷ್ಯ. ಹೆಸರನ್ನು ಮಾತ್ರ ನಾಯಿ ಹೊತ್ತುಕೊಂಡಿದೆ.

ಈ ತಳಿಯ ಸ್ವಭಾವದಲ್ಲಿ ಎಲ್ಲರೂ ಮೆಚ್ಚುವ ಗುಣವೆಂದರೆ ಒಡೆಯನ ಮೇಲಿನ ನಿಷ್ಠೆ. ಮನುಷ್ಯನ ಮುಖವನ್ನು ನೋಡುತ್ತ, ಅವನ ಮೈಗೆ ತಾಗಿ ಕುಳಿತಿರಲು ಇಷ್ಟಪಡುವ ನಾಯಿ ಇದು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ 102ನೆಯ ಪದಾತಿದಳದೊಂದಿಗೆ ಫ್ರಾನ್ಸಿನ ರಣರಂಗಕ್ಕೆ ಹೋಗಿ ಹೆಸರಾದ ಸ್ಟಬ್ಬಿ ಎಂಬ ನಾಯಿ ಇದೇ ಚಹರೆಯದು. ಆದರೆ ಈ ನಿಷ್ಠೆಯೇ ಅದಕ್ಕೆ ಶಾಪವಾಯಿತೆಂಬುದನ್ನು ಗಮನಿಸಬೇಕು. ಕುಣಿಯಲ್ಲಿ ಮೈಯೆಲ್ಲ ಹರಿದ ನಾಯಿ ಮತ್ತೆ ಎದುರಾಳಿಯ ಮೇಲೆ ಬೀಳುತ್ತಿದ್ದುದು ಬೆನ್ನ ಹಿಂದೆ ನಿಂತ ಒಡೆಯನು ಹುರಿದುಂಬಿಸುತ್ತಿದ್ದುದರಿಂದ. ಒಡೆಯನು ಮೆಚ್ಚಲೆಂದು ಪ್ರಾಣವನ್ನೇ ಕೊಡಬಲ್ಲ ಜೀವಿಯ ಆ ಗುಣವನ್ನು ಮನುಷ್ಯನು ಹಣಕ್ಕೆ ಮಾರಿದನು. ವಿಶ್ವಾಸಘಾತವೆಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು.

ಈ ನಾಯಿಯ ಬಗೆಗೆ ಪ್ರಚಾರದಲ್ಲಿರುವ ಸುಳ್ಳುಗಳು ಎರಡು ಕಡೆಯಿಂದಲೂ ಬಂದಿವೆ. ಅದರ ದವಡೆ ಕಚ್ಚಿದೊಡನೆ ಬೀಗದಂತೆ ಸಿಕ್ಕಿಕೊಳ್ಳುತ್ತದೆ ಎನ್ನುವವರಿದ್ದಾರೆ. ಅಂತಹ ಯಾವ ರಚನೆಯೂ ಅದರ ತಲೆಬುರುಡೆಯಲ್ಲಿಲ್ಲ; ಹಿಡಿದದ್ದನ್ನು ಬಿಡದ ಹಟ ಮಾತ್ರ ಇದೆ. ಹಿಂದಿನ ಕಾಲದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ದಾದಿಯಾಗಿ ಈ ನಾಯಿಯನ್ನು ಇಟ್ಟುಕೊಳ್ಳುತ್ತಿದ್ದರು ಎಂಬುದು ಎದುರು ಪಕ್ಷದ ಕಥೆ. ಅದಕ್ಕೆ ಇತಿಹಾಸದ ಆಧಾರವಿಲ್ಲ. ಮೊದಲ ಸುಳ್ಳು ನಾಯಿಗಳನ್ನು ಕೊಲ್ಲಿಸಿದರೆ, ಎರಡನೆಯ ಸುಳ್ಳು ಮಕ್ಕಳನ್ನು ಅಪಾಯಕ್ಕೆ ದೂಡುತ್ತದೆ. ಯಾವ ತಳಿಯ ನಾಯಿಯೇ ಆಗಲಿ, ಎಳೆಯ ಮಗುವಿನೊಂದಿಗೆ ಅದನ್ನು ಒಂಟಿಯಾಗಿ ಬಿಡಬಾರದು. ಇಲ್ಲಿ ಪ್ರೀತಿಯ ಮಾತಿಗೆ ಎಡೆಯಿಲ್ಲ.

ತಳಿಯಿಂದಲೇ ಸ್ವಭಾವ ನಿರ್ಧಾರವಾಗುತ್ತದೆ ಎಂಬುದನ್ನು ವಿಜ್ಞಾನವೂ ಒಪ್ಪುವುದಿಲ್ಲ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು 18,000ಕ್ಕೂ ಹೆಚ್ಚು ನಾಯಿಗಳ ನಡವಳಿಕೆಯ ವಿವರಗಳನ್ನು ಕಲೆಹಾಕಿ, ಎರಡು ಸಾವಿರಕ್ಕೂ ಮಿಕ್ಕ ನಾಯಿಗಳ ವಂಶವಾಹಿಗಳನ್ನು ಪರೀಕ್ಷಿಸಿತು. ಒಂದು ನಾಯಿಗೂ ಇನ್ನೊಂದಕ್ಕೂ ಇರುವ ನಡವಳಿಕೆಯ ಭೇದದಲ್ಲಿ ತಳಿಯಿಂದ ಬರುವ ಪಾಲು ಸುಮಾರು ಶೇಕಡ 9 ಎಂದು ಅದು ಕಂಡುಕೊಂಡಿತು. ಕಾಳಗಕ್ಕೆಂದೇ ಬೆಳೆಸಿದ ನಾಯಿಗಳ ವಿಷಯದಲ್ಲಿ ಪ್ರತ್ಯಕ್ಷ ಪ್ರಮಾಣವೂ ಇದೆ. 2007ರಲ್ಲಿ ಅಮೆರಿಕದ ಫುಟ್ಬಾಲ್ ತಾರೆ ಮೈಕೇಲ್ ವಿಕ್ ವರ್ಜೀನಿಯಾದಲ್ಲಿ ನಡೆಸುತ್ತಿದ್ದ ನಾಯಿಕಾಳಗದ ಕೇಂದ್ರವು ಪತ್ತೆಯಾಗಿ, ಅವನಿಗೆ 23 ತಿಂಗಳ ಸೆರೆವಾಸವಾಯಿತು. ಅಲ್ಲಿ ವಶಪಡಿಸಿಕೊಂಡ ಐವತ್ತರಷ್ಟು ಪಿಟ್ ಬುಲ್‌ಗಳನ್ನು ಕೊಲ್ಲುವುದೇ ಲೇಸೆಂದು ಪ್ರಾಣಿದಯಾ ವಲಯದಲ್ಲೂ ಹಲವರು ಹೇಳಿದರು. ಆದರೆ ಒಂದೊಂದು ನಾಯಿಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸಲಾಯಿತು. ಅವುಗಳಲ್ಲಿ ಬಹುಪಾಲನ್ನು ಉಳಿಸಿಕೊಳ್ಳಲು ಸಾಧ್ಯವಾಯಿತು. 22 ನಾಯಿಗಳು ಯೂಟಾ ರಾಜ್ಯದ ಪ್ರಾಣಿಧಾಮವೊಂದಕ್ಕೆ ಹೋದವು. ಹಲವು ನಾಯಿಗಳು ಸಂಸಾರಸ್ಥರ ಮನೆಗಳಲ್ಲಿ ಬಾಳಿದವು. ಪ್ರತಿಯೊಂದು ಜೀವವನ್ನೂ ಅದರದೇ ಆದ ಜೀವವೆಂದು ನೋಡಬೇಕೆಂಬ ತತ್ತ್ವಕ್ಕೆ ಇದು ಲೌಕಿಕ ಸಾಕ್ಷಿ.

ಹೀಗೆಂದಮಾತ್ರಕ್ಕೆ ಎಲ್ಲ ನಾಯಿಗಳೂ ಒಂದೇ ಎಂದು ಸಾಧಿಸಹೊರಡುವುದು ಆತ್ಮವಂಚನೆ. ತಳಿಯ ಪಾಲು ಚಿಕ್ಕದು ಎಂದರೆ ಇಲ್ಲವೇ ಇಲ್ಲವೆಂದಲ್ಲ. ಎಂಟು ತಲೆಮಾರು ಕಾಳಗಕ್ಕೆಂದು ಆರಿಸಿದ ರಕ್ತದಲ್ಲಿ ಇತರ ನಾಯಿಗಳ ಮೇಲಿನ ಅಸಹನೆ ಉಳಿದಿರುವ ಸಂಭವ ಹೆಚ್ಚು. ಮರಿಯಾಗಿದ್ದಾಗ ಎಲ್ಲದರೊಡನೆ ಆಡಿಕೊಂಡಿದ್ದ ನಾಯಿ ಒಂದರಿಂದ ಮೂರು ವರ್ಷದೊಳಗೆ ಪ್ರೌಢವಾಗುತ್ತಿದ್ದಂತೆ ಬೇರೆ ನಾಯಿಗಳ ಮೇಲೆ ಎರಗತೊಡಗುವುದುಂಟು. ಇನ್ನು ಬಲದ ಮಾತು. ಪುಟ್ಟ ಪಾಮರೇನಿಯನ್ ಸಿಟ್ಟಿನಲ್ಲಿ ಕಚ್ಚಿದರೆ ಗೀರು ಬೀಳುತ್ತದೆ. ಮೂವತ್ತು ಕಿಲೋ ತೂಕದ ಸ್ನಾಯುವಿನ ಗಂಟಿನಂತಹ ನಾಯಿ ಅದೇ ಸಿಟ್ಟಿನಲ್ಲಿ ಹಿಡಿದು ಅಲುಗಿಸಿದರೆ ಪ್ರಾಣ ಹೋಗುತ್ತದೆ. ಇಬ್ಬರು ಒಡೆಯರ ಅಜಾಗರೂಕತೆ ಸಮಾನವಾಗಿದ್ದರೂ ಅದರ ಫಲ ಸಮಾನವಲ್ಲ. ಅಜಾಗರೂಕತೆಯನ್ನೇ ಶಾಸ್ತ್ರವು ಪ್ರಮಾದವೆಂದು ಕರೆದು, ಹಿಂಸೆಯ ಮೂಲವನ್ನು ಅದರಲ್ಲಿ ಕಂಡಿದೆ. ಬಲಿಷ್ಠ ನಾಯಿಯ ಒಡೆಯನಿಗೆ ಪ್ರಮಾದಕ್ಕೆ ಅವಕಾಶವೇ ಇಲ್ಲ.

ಹಾಗಿದ್ದರೂ ನಗರಗಳಲ್ಲಿ ಇಂದು ಈ ನಾಯಿಯನ್ನು ಕೊಳ್ಳುತ್ತಿರುವವರು ಯಾರು? ಕಾರು, ಮೋಟಾರ್ ಸೈಕಲ್‌ಗಳಂತೆ ಇದೂ ತನ್ನ ಠೀವಿಯ ಗುರುತೆಂದು ಬಗೆಯುವ ಯುವಕರು ಒಂದು ವರ್ಗ. ಕಾವಲಿಗೆಂದು ಗೇಟಿನ ಬಳಿ ಕಟ್ಟಿಹಾಕುವ ಗೃಹಸ್ಥರು ಇನ್ನೊಂದು ವರ್ಗ. ಕಾವಲಿಗೆ ಈ ತಳಿ ತಕ್ಕದ್ದಲ್ಲವೆಂದು, ಅಪರಿಚಿತರೊಡನೆಯೂ ಇದು ಅತಿ ಸ್ನೇಹದಿಂದಿರುವುದೆಂದು, ಅದನ್ನು ಮೊದಲು ನೋಂದಾಯಿಸಿದ ಕೆನಲ್ ಕ್ಲಬ್ಬಿನ ಲಕ್ಷಣಪಟ್ಟಿಯೇ ಹೇಳುತ್ತದೆ. ಜನರನ್ನು ಕಂಡರೆ ಬಾಲವಾಡಿಸುವ ನಾಯಿಯನ್ನು ಜನರಿಂದ ದೂರವಿಟ್ಟು, ಕೆರಳಿಸಿ, ಹೊಡೆದು ‘ಕಾವಲುನಾಯಿ’ಯನ್ನಾಗಿ ಮಾಡಲಾಗುತ್ತದೆ. ಹೀಗೆ ಮಾಡಿದ ನಾಯಿ ಕಳ್ಳನಾರು, ಮೊಮ್ಮಗನಾರು ಎಂದು ವಿವೇಚಿಸೀತೆಂದು ನಿರೀಕ್ಷಿಸುವುದು ಮೌಢ್ಯವಲ್ಲದೆ ಮತ್ತೇನು?

ಸಾಕುಪ್ರಾಣಿಯ ವಿಷಯದಲ್ಲಿ ಗೃಹಸ್ಥನು ಎಡವುವ ಬಗೆಗಳನ್ನು ಜೈನಾಚಾರ್ಯರು ಬಹು ಹಿಂದೆಯೇ ಗುರುತಿಸಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಶ್ರಾವಕರು ಅವನ್ನು ಬಾಯಿಪಾಠವಾಗಿ ಬಲ್ಲರು. ಎತ್ತು, ಕುದುರೆಗಳ ಕಾಲದ ಆ ಮಾತುಗಳು ಗೇಟಿನ ಬಳಿಯ ನಾಯಿಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತವೆಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ.

ಮೊದಲನೆಯದು ಬಂಧ. ಬೆಳಗಿನಿಂದ ಇರುಳಿನವರೆಗೆ ಆರಡಿ ಸರಪಳಿಯಲ್ಲಿ ಕಟ್ಟಿದ ನಾಯಿಗೆ ಅದೇ ಜಗತ್ತು. ಭಯವಾದಾಗ ಓಡಿಹೋಗುವ ದಾರಿ ಮುಚ್ಚಿದ ಪ್ರಾಣಿಗೆ ಉಳಿಯುವ ದಾರಿ ಎರಗುವುದೊಂದೇ. ಕಟ್ಟಿದ್ದರಿಂದ ನಾಯಿ ಕ್ಷೇಮವಾಯಿತೆಂದು ಒಡೆಯನು ತಿಳಿಯುತ್ತಾನೆ. ವಾಸ್ತವದಲ್ಲಿ ಕಟ್ಟು ಕಳಚಿದ ದಿನದ ಅನಾಹುತವನ್ನು ಅವನು ದಿನದಿನವೂ ಕೂಡಿಡುತ್ತಿರುತ್ತಾನೆ. ಭಾರತದ ಕಾನೂನು ಕೂಡ ಇದನ್ನು ಅಪರಾಧವೆಂದೇ ಹೇಳುತ್ತದೆ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯ್ದೆಯ 11ನೆಯ ಪ್ರಕರಣದಂತೆ ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಪ್ರಾಣಿಯನ್ನು ದೀರ್ಘಕಾಲ ಕಟ್ಟುವುದು ತಪ್ಪು. ಸದಾ ಕಟ್ಟಿಹಾಕಿದ ನಾಯಿಗೆ ತಕ್ಕ ವ್ಯಾಯಾಮ ಕೊಡದಿರುವುದೂ ತಪ್ಪು. ಮೊದಲ ತಪ್ಪಿಗೆ ಆ ಕಾಯ್ದೆ ವಿಧಿಸಿದ ದಂಡ ಹತ್ತರಿಂದ ಐವತ್ತು ರೂಪಾಯಿ. ಒಂದು ಲೋಟ ಕಾಫಿಯ ಬೆಲೆಗೆ ಒಂದು ಜೀವದ ಬಂಧನವನ್ನು ತೀರಿಸಬಹುದಾದ ದೇಶದಲ್ಲಿ ಕಾನೂನಿಗಿಂತ ವ್ರತವೇ ಗಟ್ಟಿಯಾಗಿರಬೇಕಾಗುತ್ತದೆ.

ಎರಡನೆಯದು ವಧ. ಇಲ್ಲಿ ಆ ಪದಕ್ಕೆ ಕೊಲ್ಲುವುದೆಂಬ ಅರ್ಥವಿಲ್ಲ. ಕೋಲು, ಚಾವಟಿಗಳಿಂದ ಹೊಡೆಯುವುದೆಂದು ಅರ್ಥ. ಬಲಿಷ್ಠ ನಾಯಿಗೆ ಬಲಿಷ್ಠ ಏಟೇ ಪಾಠವೆಂಬ ನಂಬಿಕೆ ತರಬೇತುದಾರರೆನಿಸಿಕೊಂಡ ಕೆಲವರಲ್ಲಿ ಇಂದಿಗೂ ಇದೆ. ಮುಳ್ಳಿನ ಕೊರಳಪಟ್ಟಿ, ವಿದ್ಯುತ್ ಆಘಾತದ ಪಟ್ಟಿಗಳೂ ಮಾರಾಟಕ್ಕಿವೆ. ನೋವನ್ನು ನುಂಗುವುದಕ್ಕೆಂದೇ ತಲೆಮಾರುಗಳಿಂದ ಆರಿಸಿ ಬೆಳೆಸಿದ ನಾಯಿಗೆ ನೋವಿನ ಪಾಠ ಹತ್ತುವುದಿಲ್ಲ. ಅದು ಕಲಿಯುವುದು ಒಂದನ್ನೇ: ಗುರುಗುಟ್ಟಿದರೆ ಏಟು ಬೀಳುತ್ತದೆ. ಆಮೇಲೆ ಅದು ಗುರುಗುಟ್ಟುವುದನ್ನು ಬಿಟ್ಟು ಮುನ್ಸೂಚನೆಯಿಲ್ಲದೆ ಕಚ್ಚುತ್ತದೆ. ‘ಏನೂ ಕಾರಣವಿಲ್ಲದೆ ಕಚ್ಚಿತು’ ಎಂದು ಹೇಳುವ ಒಡೆಯರಲ್ಲಿ ಅನೇಕರು ಆ ಕಾರಣವನ್ನು ತಾವೇ ಹೊಡೆದು ಅಡಗಿಸಿದವರು.

ಮೂರನೆಯದು ಛೇದ. ನಾಯಿ ಭೀಕರವಾಗಿ ಕಾಣಲೆಂದು ಎಳೆಯ ಮರಿಯ ಕಿವಿಗಳನ್ನು ಕತ್ತರಿಸುವ ಪದ್ಧತಿಗೆ ಬೇರೆ ಹೆಸರಿಲ್ಲ. ಕಾಳಗದಲ್ಲಿ ಎದುರಾಳಿಯ ಬಾಯಿಗೆ ಕಿವಿ ಸಿಗದಿರಲೆಂದು ಹುಟ್ಟಿಕೊಂಡ ಪದ್ಧತಿಯಿದು. ಈಗ ಕೇವಲ ಅಲಂಕಾರ. ನಾಯಿಗಳು ಒಂದರ ಮನಸ್ಸನ್ನು ಇನ್ನೊಂದು ಅರಿಯುವುದು ಬಹುಮಟ್ಟಿಗೆ ಕಿವಿಯ ನಿಲುವಿನಿಂದ. ಕಿವಿ ಕಳೆದುಕೊಂಡ ನಾಯಿ ಅರ್ಧ ಮೂಕನಾದಂತೆ. ಬ್ರಿಟನ್ನಿನಲ್ಲಿ ಇದು ಶಿಕ್ಷಾರ್ಹ. ಕಿವಿ ಕತ್ತರಿಸಿದ ಮರಿಯನ್ನು ಕೊಳ್ಳುವ ಶ್ರಾವಕನು ಕತ್ತರಿಯನ್ನು ತಾನು ಹಿಡಿಯಲಿಲ್ಲವೆಂದು ನುಣುಚಿಕೊಳ್ಳುವಂತಿಲ್ಲ. ಕೃತ, ಕಾರಿತ, ಅನುಮೋದಿತಗಳ ಭೇದವನ್ನು ಬಲ್ಲವನಿಗೆ ಅದು ತಿಳಿದೇ ಇದೆ.

ನಾಲ್ಕನೆಯದು ಅತಿಭಾರಾರೋಪಣ. ಕತ್ತು, ಎದೆಗಳು ದಪ್ಪವಾಗಲೆಂದು ತೂಕದ ಸರಪಳಿಗಳನ್ನು ಕೊರಳಿಗೆ ಹಾಕಿ ನಡೆಸುವುದುಂಟು. ಎಲುಬು ಬಲಿಯುವ ಮೊದಲೇ ಟೈರುಗಳನ್ನು ಎಳೆಸುವುದುಂಟು. ಗಿಡ್ಡ ಕೂದಲಿನ, ಸ್ನಾಯು ತುಂಬಿದ ಈ ನಾಯಿ ದಕ್ಷಿಣದ ಬೇಸಗೆಯಲ್ಲಿ ಬಹುಬೇಗ ಬಳಲುತ್ತದೆ. ಒಡೆಯನು ನಿಲ್ಲೆನ್ನುವವರೆಗೆ ತಾನಾಗಿ ನಿಲ್ಲದಿರುವುದು ಅದರ ಸ್ವಭಾವ. ಅದು ನಿಲ್ಲಲಿಲ್ಲವೆಂಬುದನ್ನು ಶಕ್ತಿಯ ಗುರುತೆಂದು ಮೆಚ್ಚಿಕೊಳ್ಳುವವನು ಅದರ ನಿಷ್ಠೆಯನ್ನು ಎರಡನೆಯ ಬಾರಿ ವಂಚಿಸುತ್ತಾನೆ.

ಐದನೆಯದಾದ ಅನ್ನಪಾನನಿರೋಧವು ಜೈನ ಮನೆತನಗಳಿಗೆ ವಿಶೇಷವಾಗಿ ವಿಚಾರಣೀಯ. ಹಸಿವಿಟ್ಟರೆ ನಾಯಿ ಚುರುಕಾಗುವುದೆಂಬ ಮೂಢನಂಬಿಕೆ ಒಂದೆಡೆಯಿರಲಿ. ಮನೆಯೊಳಗೆ ಮಾಂಸ ತರಲಾರದ ಕುಟುಂಬವು ಇಂತಹ ನಾಯಿಯನ್ನು ತಂದು, ಹಾಲು ಅನ್ನದಲ್ಲೇ ಬೆಳೆಸಿ, ಅದು ಬಡಕಲಾಗಿ ಚರ್ಮರೋಗದಿಂದ ತುರಿಸಿಕೊಳ್ಳುವಾಗ ‘ನಮ್ಮ ನಾಯಿಯೂ ಸಸ್ಯಾಹಾರಿ’ ಎಂದು ಹೆಮ್ಮೆಪಡುವುದು ಅಪರೂಪವೇನಲ್ಲ. ತನ್ನ ವ್ರತದ ಖರ್ಚನ್ನು ಇನ್ನೊಂದು ಜೀವದ ಮೈಯಿಂದ ವಸೂಲು ಮಾಡುವುದು ವ್ರತವಾಗದು. ಬೆಕ್ಕಿಗೆ ಮಾಂಸಾಹಾರ ಅನಿವಾರ್ಯ. ನಾಯಿಯ ದೇಹ ಅಷ್ಟು ಕಟ್ಟುನಿಟ್ಟಿನದಲ್ಲ. ಮನುಷ್ಯನೊಡನೆ ಬಾಳುತ್ತ ಬಾಳುತ್ತ ತೋಳಕ್ಕಿಂತ ಹೆಚ್ಚಾಗಿ ಪಿಷ್ಟವನ್ನು ಜೀರ್ಣಿಸಿಕೊಳ್ಳುವ ಶಕ್ತಿ ನಾಯಿಗೆ ಬಂದಿದೆಯೆಂದು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ವಂಶವಾಹಿ ಅಧ್ಯಯನವು ತೋರಿಸಿತು. ಪ್ರೋಟೀನು, ಜೀವಸತ್ತ್ವಗಳು, ಖನಿಜಗಳು ಲೆಕ್ಕಹಾಕಿ ಕೂಡಿಸಿದ ಸಸ್ಯಾಹಾರದಲ್ಲಿ ವಯಸ್ಕ ನಾಯಿಯನ್ನು ಪಶುವೈದ್ಯರ ನಿಗಾದಲ್ಲಿ ಆರೋಗ್ಯವಾಗಿಡಲು ಸಾಧ್ಯವಿದೆ. ಬೆಳೆಯುವ ಮರಿಗೆ ಇದು ಬಹಳ ಕಷ್ಟದ ಕೆಲಸ. ಹಾಲು, ಅನ್ನ, ಮೊಸರುಗಳಿಂದ ಮಾತ್ರ ಇದು ಆಗುವುದಿಲ್ಲ. ಒಣದ್ರಾಕ್ಷಿ, ಚಾಕೊಲೇಟುಗಳು ನಾಯಿಗೆ ವಿಷವೆಂಬುದೂ ಅನೇಕರಿಗೆ ಗೊತ್ತಿಲ್ಲ. ಈ ಪ್ರಶ್ನೆಗಳಿಗೆಲ್ಲ ಉತ್ತರವನ್ನು ಮರಿ ಮನೆಗೆ ಬರುವ ಮೊದಲು ಕಂಡುಕೊಳ್ಳಬೇಕು. ವೈದ್ಯರು ಮಾಂಸಾಹಾರವೇ ಬೇಕೆಂದರೆ ಏನು ಮಾಡುವುದೆಂಬುದಕ್ಕೆ ಉತ್ತರವಿಲ್ಲದ ಮನೆಗೆ ಈ ನಾಯಿ ಬರಲೇಬಾರದು.

ಇಷ್ಟೆಲ್ಲ ಅತಿಚಾರಗಳಿಂದ ದೂರವಿರುವ ಸಾಕಣೆ ಹೇಗಿರಬೇಕು? ಅದರಲ್ಲಿ ಗುಟ್ಟೇನೂ ಇಲ್ಲ. ದಿನನಿತ್ಯದ ಶ್ರಮ ಮಾತ್ರ ಇದೆ. ಮರಿಯು ಮೂರನೆಯ ವಾರದಿಂದ ಹನ್ನೆರಡು, ಹದಿನಾಲ್ಕನೆಯ ವಾರದವರೆಗೆ ಕಂಡು ಕೇಳಿದ್ದನ್ನು ಜೀವಮಾನವಿಡೀ ಸಹಜವೆಂದು ಭಾವಿಸುತ್ತದೆ. ಆ ಅವಧಿಯಲ್ಲಿ ಮಕ್ಕಳು, ಮುದುಕರು, ಕೊಡೆ ಹಿಡಿದವರು, ಸೈಕಲ್ಲು, ಪಟಾಕಿಯ ದೂರದ ಸದ್ದು, ಶಾಂತಸ್ವಭಾವದ ಇತರ ನಾಯಿಗಳು, ಇವೆಲ್ಲವನ್ನೂ ಹೆದರಿಸದೆ ಪರಿಚಯಿಸಬೇಕು. ತಾಯಿಯಿಂದ ಬೇಗ ಬೇರ್ಪಡಿಸಿದ ಮರಿ ಕಚ್ಚುವುದರ ಮಿತಿಯನ್ನು ಕಲಿಯದೆ ಬರುತ್ತದೆ. ಭಾರತದ 2017ರ ನಿಯಮಗಳು ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂದು ಹೇಳಿರುವುದು ಇದೇ ಕಾರಣದಿಂದ. ಸರಿಯಾದದ್ದನ್ನು ಮಾಡಿದಾಗ ತಿನಿಸಿನಿಂದಲೂ ಮೆಚ್ಚುಗೆಯಿಂದಲೂ ಕಲಿಸಬೇಕು. ಕರೆದರೆ ಬರುವುದು, ಹಿಡಿದದ್ದನ್ನು ಬಿಡುವುದು, ಕಾಯುವುದು, ಈ ಮೂರನ್ನು ಕಲಿಯದ ಬಲಿಷ್ಠ ನಾಯಿ ಬೀದಿಗೆ ಬರಬಾರದು. ಬೆಳಗ್ಗೆ ಸಂಜೆ ಎರಡು ಹೊತ್ತೂ ನಡಿಗೆ ಬೇಕು. ಮೂಸುವುದಕ್ಕೆ, ಹುಡುಕುವುದಕ್ಕೆ, ಅಗೆಯುವುದಕ್ಕೆ ಅವಕಾಶ ಬೇಕು. ಟೆರಿಯರ್‌ನ ಬುದ್ಧಿಗೆ ಕೆಲಸ ಕೊಡದಿದ್ದರೆ ಅದು ತಾನೇ ಕೆಲಸ ಹುಡುಕಿಕೊಳ್ಳುತ್ತದೆ. ಆ ಕೆಲಸ ಒಡೆಯನಿಗೆ ಹಿಡಿಸುವಂತಹದಾಗಿರುವುದಿಲ್ಲ.

ಸಾರ್ವಜನಿಕ ಸ್ಥಳದಲ್ಲಿ ಗಟ್ಟಿಯಾದ ಹಗ್ಗ, ಅದನ್ನು ಹಿಡಿಯಬಲ್ಲ ವಯಸ್ಕ ಕೈ, ಅಗತ್ಯವಿದ್ದಲ್ಲಿ ಬಾಯಿ ತೆರೆದು ಉಸಿರಾಡಲು ಎಡೆಯಿರುವ ಬಾಯಿಕುಕ್ಕೆ, ಇವು ನಾಯಿಗೆ ಅವಮಾನವಲ್ಲ, ನೆರೆಯವರಿಗೆ ಕೊಡುವ ಗೌರವ. ‘ಏನೂ ಮಾಡುವುದಿಲ್ಲ, ಹೆದರಬೇಡಿ’ ಎಂದು ನಗುತ್ತ ನಾಯಿಯನ್ನು ಸಡಿಲ ಬಿಡುವವನು ಎದುರು ಬರುತ್ತಿರುವ ವೃದ್ಧೆಯ ಭಯವನ್ನು ತೃಣವಾಗಿ ಕಾಣುತ್ತಾನೆ. ಭಯಪಡಿಸುವುದೂ ಹಿಂಸೆಯೇ ಅಲ್ಲವೇ? ರೇಬೀಸ್ ಮೊದಲಾದವುಗಳ ಲಸಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆ, ಸ್ಥಳೀಯ ಸಂಸ್ಥೆಯ ನೋಂದಣಿಗಳನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಈ ವರ್ಗದ ನಾಯಿಗಳಿಗೆ ಚರ್ಮದ ಅಲರ್ಜಿ ಸಾಮಾನ್ಯ. ಸ್ಟಾಫರ್ಡ್‌ಶೈರ್ ತಳಿಯಲ್ಲಿ ಅನುವಂಶಿಕ ಕಣ್ಣಿನ ಪೊರೆಯೂ ಇದೆ. ಇದೆಲ್ಲ ಹನ್ನೆರಡರಿಂದ ಹದಿನಾಲ್ಕು ವರ್ಷದ ಮಾತು. ಕಾಲೇಜು ಸೇರಿದ ಮಗನ ಹಟಕ್ಕೆ ಮರಿ ತಂದ ಮನೆಯಲ್ಲಿ, ಮಗನು ನೌಕರಿಗೆಂದು ಪರದೇಶಕ್ಕೆ ಹೋದ ಮೇಲೆ ನಾಯಿ ಅರವತ್ತು ದಾಟಿದ ತಾಯಿಯ ಕೈಗೆ ಬೀಳುತ್ತದೆ. ಆ ದಿನವನ್ನು ಮರಿ ತರುವ ದಿನವೇ ಎಣಿಸಬೇಕು.

ನಿಷೇಧವೇ ಸುಲಭವಲ್ಲವೇ ಎಂದು ಕೇಳಬಹುದು. ಬ್ರಿಟನ್ ಈ ಸುಲಭದ ದಾರಿಯನ್ನು ಹಿಡಿದು ಮೂರು ದಶಕಗಳು ಕಳೆದಿವೆ. ಅಲ್ಲಿನ 1991ರ ಅಪಾಯಕಾರಿ ನಾಯಿಗಳ ಕಾಯ್ದೆ ಪಿಟ್ ಬುಲ್ ಟೆರಿಯರ್ ಸೇರಿ ನಾಲ್ಕು ಬಗೆಯ ನಾಯಿಗಳನ್ನು ನಿಷೇಧಿಸಿತು. ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್ ಅದೇ ಮೂಲದ್ದಾಗಿದ್ದರೂ ಪಟ್ಟಿಯಲ್ಲಿ ಸೇರಲಿಲ್ಲ. ಠೀವಿಗೆ ನಾಯಿ ಬೇಕೆನ್ನುವವರ ಚಪಲ ಅಡಗಲಿಲ್ಲ; ಅವರು ಅಮೆರಿಕದಲ್ಲಿ ಬೆಳೆಸಿದ ಇನ್ನೂ ದೈತ್ಯವಾದ ಎಕ್ಸ್‌ಎಲ್ ಬುಲ್ಲಿಯನ್ನು ತಂದರು. ಅದರಿಂದ ಸಾವುಗಳಾದ ಮೇಲೆ 2024ರ ಫೆಬ್ರವರಿಯಿಂದ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಅದನ್ನು ವಿನಾಯಿತಿ ಪತ್ರವಿಲ್ಲದೆ ಸಾಕುವುದೂ ಅಪರಾಧವಾಯಿತು. ನೆದರ್ಲೆಂಡ್ಸ್ 1993ರಲ್ಲಿ ಪಿಟ್ ಬುಲ್‌ಗಳ ಮೇಲೆ ತಂದ ನಿಷೇಧವನ್ನು, ಕಡಿತಗಳು ಇಳಿಯಲಿಲ್ಲವೆಂದು 2008ರಲ್ಲಿ ಕೈಬಿಡಲು ತೀರ್ಮಾನಿಸಿತು. ತಳಿಯ ಹೆಸರು ಬದಲಾದರೂ ಮನುಷ್ಯನ ಕಷಾಯ ಬದಲಾಗದಿದ್ದರೆ ಫಲ ಅದೇ.

ಆದರೆ ನಿಷೇಧವನ್ನು ವಿರೋಧಿಸುವವರು ಬಿಟ್ಟುಬಿಡುವ ಒಂದು ಮಾತಿದೆ. ಹುಟ್ಟಿದ ಜೀವವನ್ನು ಕೊಲ್ಲುವುದು ಬೇರೆ. ಮಾರಾಟಕ್ಕೆಂದು ಹೊಸ ಜೀವಗಳನ್ನು ಹುಟ್ಟಿಸುವುದು ಬೇರೆ. 2017ರ ನಿಯಮಗಳು ತಳಿ ಸಂವರ್ಧಕರಿಗೆ ನೋಂದಣಿಯನ್ನು ಕಡ್ಡಾಯಗೊಳಿಸಿ, ಒಂದು ಹೆಣ್ಣುನಾಯಿ ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಬಾರಿ ಮರಿ ಹಾಕಬಾರದೆಂದು ವಿಧಿಸಿವೆ. ಹಿತ್ತಲ ಗೂಡುಗಳಲ್ಲಿ, ಮಹಡಿಯ ಮೇಲಿನ ಕತ್ತಲ ಕೋಣೆಗಳಲ್ಲಿ ಈ ಲೆಕ್ಕವನ್ನು ಇಡುವವರು ಯಾರು? ಕೊಳ್ಳುವವನು ಹಣ ಕೊಡುವವರೆಗೆ ಆ ತಾಯಿನಾಯಿಯ ಬಸಿರು ಬರಿದಾಗುವುದಿಲ್ಲ. ಪ್ರಾಣಿದಯೆಯ ಹೆಸರಿನಲ್ಲಿ ಮರಿಯನ್ನು ದುಡ್ಡು ಕೊಟ್ಟು ತರುವವನು ಅದರ ತಾಯಿಯ ಮುಖವನ್ನು ನೋಡಿ ಬರಲಿ.

ಜೈನ ಗೃಹಸ್ಥನು ಇಂತಹ ಪ್ರಾಣಿಯನ್ನು ಸಾಕಬಹುದೇ ಎಂಬ ಪ್ರಶ್ನೆ ಹಳೆಯದು. ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಕಾರ್ತಿಕೇಯಾನುಪ್ರೇಕ್ಷೆಯು ಅನರ್ಥದಂಡಗಳಲ್ಲಿ ಸೇರಿಸಿದೆ. ಪ್ರಯೋಜನವಿಲ್ಲದೆ ಹಿಂಸೆಗೆ ಸಾಧನವನ್ನು ಕೂಡಿಟ್ಟಂತೆಂಬುದು ಅದರ ತಾತ್ಪರ್ಯ. ಠೀವಿಗೆಂದು ಬುಲ್ ಟೆರಿಯರ್ ತರುವವನಿಗೆ ಈ ಮಾತು ನೇರವಾಗಿ ತಾಗುತ್ತದೆ. ಅದಕ್ಕೆ ಸಮಾಧಾನ ಹುಡುಕುವುದು ವ್ಯರ್ಥ. ಅರಮನೆಯ ಸಾಕುನಾಯಿಯ ಗತಿಯೇನೆಂಬುದನ್ನು ಜನ್ನನ ಯಶೋಧರಚರಿತೆಯನ್ನು ಓದಿದವರು ಬಲ್ಲರು: ತಾಯಿ ಚಂದ್ರಮತಿಯ ಜೀವ ನಾಯಿಯಾಗಿ, ಮಗ ಯಶೋಧರನ ಜೀವ ನವಿಲಾಗಿ ಅದೇ ಅರಮನೆಗೆ ಬಂದು, ನಾಯಿ ನವಿಲನ್ನು ಕೊಲ್ಲುತ್ತದೆ.

ಅದೇ ಪರಂಪರೆಯಲ್ಲಿ ಇನ್ನೊಂದು ನಾಯಿಯೂ ಇದೆ. ಯಜ್ಞದ ಅನ್ನವನ್ನು ಮುಟ್ಟಿತೆಂದು ಬಡಿಸಿಕೊಂಡು ಸಾಯುತ್ತ ಬಿದ್ದಿದ್ದ ನಾಯಿಯ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರ ಮಂತ್ರವನ್ನು ಹೇಳಿದನು. ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿತು. ಭಾಸ್ಕರ ಕವಿ 1424ರಲ್ಲಿ ಕನ್ನಡಿಸಿದ ಜೀವಂಧರಚರಿತೆಯಿಂದ ಈ ಕಥೆ ಕನ್ನಡ ನಾಡಿಗೆ ಪರಿಚಿತ. ಜೀವಂಧರನು ಆ ನಾಯಿಯನ್ನು ಕೊಳ್ಳಲಿಲ್ಲ. ಅದರಿಂದ ಕಾವಲನ್ನಾಗಲಿ ಠೀವಿಯನ್ನಾಗಲಿ ಬಯಸಲಿಲ್ಲ. ಇನ್ನೊಬ್ಬರ ಕ್ರೌರ್ಯದಿಂದ ಕೆಡೆದ ಜೀವದ ಬಳಿ ಕುಳಿತನು. ಶ್ರಾವಕನಿಗೆ ದಾರಿ ಈ ಎರಡು ಕಥೆಗಳ ನಡುವೆ ಸ್ಪಷ್ಟವಾಗಿದೆ. ಬಯಸಿ ತರುವುದು ಅನರ್ಥದಂಡ. ಯಾರೋ ತಂದು ಬಿಟ್ಟುಹೋದ, ಪ್ರಾಣಿಧಾಮದ ಬಾಗಿಲಲ್ಲಿ ಕಟ್ಟಿಹೋದ, ಅಥವಾ ಈಗಾಗಲೇ ಮನೆಯಲ್ಲಿರುವ ನಾಯಿಗೆ ಆಶ್ರಯ ಕೊಡುವುದು ಅಭಯದಾನ. ಆದರೆ ಅಭಯದಾನವು ಒಂದು ದಿನದ ಕರುಣೆಯಿಂದ ಪೂರೈಸದು. ಅದನ್ನು ನಡೆಸಲು ಬೇಕಾದ ಸ್ಥಳ, ಸಮಯ, ದೇಹಬಲ, ಸಹನೆಗಳಿಲ್ಲದವನು ಇರುವವರಿಗೆ ನೆರವಾಗಲಿ. ಧಾಮಗಳಿಗೆ ಆಹಾರ, ಔಷಧಗಳನ್ನು ಒದಗಿಸಲಿ. ಅದೂ ಪುಣ್ಯವೇ.

ಎಲ್ಲಕ್ಕಿಂತ ಹೀನವಾದುದು ಇನ್ನೊಂದಿದೆ. ನಿಷೇಧದ ಸುದ್ದಿ ಬಂದಾಗ, ಇಲ್ಲವೇ ನಾಯಿ ಒಮ್ಮೆ ಹಲ್ಲು ತೋರಿದಾಗ, ರಾತ್ರಿಯ ವೇಳೆ ಕಾರಿನಲ್ಲಿ ಒಯ್ದು ಊರಾಚೆ ಬಿಟ್ಟುಬರುವುದು. ಒಡೆಯನ ಮುಖ ನೋಡಿಯೇ ಬದುಕಿದ ಆ ನಾಯಿ ಬಿಟ್ಟ ಜಾಗದಲ್ಲೇ ದಿನಗಟ್ಟಲೆ ಕಾಯುತ್ತದೆ. ಬೀದಿನಾಯಿಗಳೊಡನೆ ಬಾಳಲಾರದೆ ಕಚ್ಚಾಡಿ ಸಾಯುತ್ತದೆ, ಅಥವಾ ದಾರಿಹೋಕನೊಬ್ಬನನ್ನು ಕಚ್ಚಿ ಜನರ ಕೈಯಲ್ಲಿ ಸಾಯುತ್ತದೆ. ಮರುದಿನದ ಪತ್ರಿಕೆಯಲ್ಲಿ ಅದರ ತಳಿಯ ಹೆಸರಿರುತ್ತದೆ, ಬಿಟ್ಟುಬಂದವನ ಹೆಸರಿರುವುದಿಲ್ಲ. ಕರ್ಮದ ಲೆಕ್ಕದಲ್ಲಿ ಮಾತ್ರ ಹೆಸರುಗಳು ತಪ್ಪಿಹೋಗುವುದಿಲ್ಲ.

ಆದುದರಿಂದ ವಿವೇಕಿಗಳಾದ ಗೃಹಸ್ಥರು ಇಷ್ಟನ್ನು ನಿಶ್ಚಯಿಸಿಕೊಳ್ಳಬೇಕು. ಈ ನಾಯಿಯನ್ನು ಕೊಳ್ಳಬಾರದು, ಮಾರಬಾರದು, ಮಾರಾಟಕ್ಕೆ ಮರಿ ಹಾಕಿಸಬಾರದು. ಕೈಯಲ್ಲಿರುವುದನ್ನು ಕಟ್ಟದೆ, ಹೊಡೆಯದೆ, ಕತ್ತರಿಸದೆ, ಹೊರಿಸದೆ, ಹಸಿವಿಡದೆ, ಅದರ ಬಲವನ್ನೂ ನೆರೆಯವರ ಭಯವನ್ನೂ ಮರೆಯದೆ, ಅದರ ಆಯುಸ್ಸಿನ ಕೊನೆಯವರೆಗೆ ಪಾಲಿಸಬೇಕು. ಇಷ್ಟು ಮಾಡಲಾರದವನು ನಾಯಿಯ ಕ್ರೌರ್ಯದ ಬಗೆಗೆ ಮಾತನಾಡದಿರುವುದು ಒಳಿತು.